ಹಳೆಯ ಉಳಿ, ಹೊಸ ಶೋಕ: ಅಮೃತಶಿಲೆಯಲ್ಲಿ ವರ್ತಮಾನ ಕೆತ್ತುವ ಯಾಗೊ

ದಕ್ಷಿಣ ಇಟಲಿಯ ನೇಪಲ್ಸ್ ನಗರದಲ್ಲಿ ಮುಸುಕು ಹೊದ್ದು ಮಲಗಿದ ಎರಡು ಅಮೃತಶಿಲೆಯ ದೇಹಗಳಿವೆ. ಮೊದಲನೆಯದು ಹಳೆಯ ಪೇಟೆಯ ಸಾನ್ಸೆವೆರೊ ಪ್ರಾರ್ಥನಾಲಯದಲ್ಲಿದೆ. ಶಿಲುಬೆಯಿಂದ ಇಳಿಸಿದ ಏಸುವಿನ ಶರೀರದ ಮೇಲೆ ತೆಳುವಾದ ಬಟ್ಟೆ ಹರಡಿದಂತೆ ಕಾಣುವ ಆ ಶಿಲ್ಪವನ್ನು ಜ್ಯುಸೆಪ್ಪೆ ಸಾನ್ಮಾರ್ತಿನೊ 1753ರಲ್ಲಿ ಕೆತ್ತಿದ. ಎರಡನೆಯದು ಇರುವುದು ಕೋಟೆಯ ಹೊರಗಿನ ಬಡ ಬಡಾವಣೆಯೊಂದರ ಚರ್ಚಿನಲ್ಲಿ. ಅದರ ಹೆಸರೂ ಬಹುತೇಕ ಅದೇ: ಸಾನ್ ಸೆವೆರೊ. ಅಲ್ಲಿ ಮುಸುಕಿನಡಿ ಮಲಗಿರುವುದು ದೇವಪುತ್ರನಲ್ಲ, ಹೆಸರಿಲ್ಲದ ಒಂದು ಮಗು. ಅದನ್ನು 2019ರಲ್ಲಿ ಅಲ್ಲಿ ಇರಿಸಿದವರು ಯಾಗೊ ಎಂಬ ಯುವ ಶಿಲ್ಪಿ.

ಈ ಎರಡು ಮುಸುಕುಗಳ ನಡುವೆ 266 ವರ್ಷಗಳ ಅಂತರವಿದೆ. ಕಲ್ಲು ಅದೇ ಜಾತಿಯದು, ತಂತ್ರವೂ ಹೆಚ್ಚುಕಡಿಮೆ ಅದೇ. ಬದಲಾಗಿರುವುದು ಒಂದೇ ಒಂದು ಸಂಗತಿ. ಯಾರಿಗಾಗಿ ಮರುಗಬೇಕು ಎಂಬುದು ಬದಲಾಗಿದೆ. ಯಾಗೊ ಅವರ ಇದುವರೆಗಿನ ಕಲಾಜೀವನವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ.

ಫ್ರೊಸಿನೋನೆಯಿಂದ ವೆನಿಸ್‌ಗೆ

ಯಾಗೊ ಎಂಬುದು ಕಲಾಜಗತ್ತಿನ ಹೆಸರು. ಪೂರ್ಣ ಹೆಸರು ಯಾಕೊಪೊ ಕಾರ್ದಿಲ್ಲೊ. ಅವರು ರೋಮ್‌ನ ಆಗ್ನೇಯಕ್ಕಿರುವ ಫ್ರೊಸಿನೋನೆ ಪಟ್ಟಣದಲ್ಲಿ 1987ರಲ್ಲಿ ಜನಿಸಿದರು. ಅಲ್ಲಿನ ಲಲಿತಕಲಾ ಅಕಾಡೆಮಿಗೆ ಸೇರಿದರಾದರೂ 2010ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಹೊರಬಂದರು. ಮರುವರ್ಷವೇ ಅವರ ಕೃತಿ ವೆನಿಸ್ ದ್ವೈವಾರ್ಷಿಕ ಕಲಾಪ್ರದರ್ಶನದ ಇಟಲಿ ಮಂಟಪದಲ್ಲಿ ಸ್ಥಾನ ಪಡೆಯಿತು. ಆ ಮಂಟಪದ ಹೊಣೆ ಹೊತ್ತಿದ್ದವರು ಕಲಾವಿಮರ್ಶಕ ವಿತ್ತೋರಿಯೊ ಸ್ಗಾರ್ಬಿ. ಆಗ ಶಿಲ್ಪಿಯ ವಯಸ್ಸು 24.

ಆ ಕೃತಿ 2009ರಲ್ಲಿ ಕೆತ್ತಿದ, ಅಂದಿನ ಪೋಪ್ ಹದಿನಾರನೇ ಬೆನೆಡಿಕ್ಟ್ ಅವರ ಎದೆಮಟ್ಟದ ಪ್ರತಿಮೆ. ಧರ್ಮಗುರುಗಳ ಪ್ರತಿಮೆ ಕೆತ್ತುವುದು ಇಟಲಿಯಲ್ಲಿ ಶತಮಾನಗಳ ಸಂಪ್ರದಾಯ. ಯುವ ಶಿಲ್ಪಿಗೆ ಪೋಪ್ ಹೆಸರಿನ ಪದಕವೂ ಸಂದಿತು. ಕಥೆ ಅಲ್ಲಿಗೇ ಮುಗಿದಿದ್ದರೆ ಯಾಗೊ ಒಬ್ಬ ಸಮರ್ಥ ಸಾಂಪ್ರದಾಯಿಕ ಶಿಲ್ಪಿಯೆಂದಷ್ಟೇ ಹೆಸರಾಗುತ್ತಿದ್ದರು.

ಉಡುಪು ಕಳಚಿದ ಪೋಪ್

2013ರ ಫೆಬ್ರವರಿಯಲ್ಲಿ ಬೆನೆಡಿಕ್ಟ್ ಪದತ್ಯಾಗ ಘೋಷಿಸಿದರು. ಸುಮಾರು 600 ವರ್ಷಗಳಲ್ಲಿ ಪೋಪ್ ಒಬ್ಬರು ಅಧಿಕಾರ ಬಿಟ್ಟು ಇಳಿದದ್ದು ಅದೇ ಮೊದಲು. ಹೊಸ ಪೋಪ್ ಆಯ್ಕೆಯಾದಾಗ ವ್ಯಾಟಿಕನ್‌ನ ಬಾಲ್ಕನಿಯಿಂದ ಲ್ಯಾಟಿನ್ ಭಾಷೆಯಲ್ಲಿ ‘ಹಬೇಮುಸ್ ಪಾಪಾಮ್’ ಎಂದು ಸಾರುವುದು ವಾಡಿಕೆ. ‘ನಮಗೊಬ್ಬ ಪೋಪ್ ದೊರೆತಿದ್ದಾರೆ’ ಎಂಬುದು ಅದರ ಅರ್ಥ. ಪೀಠದಿಂದ ಇಳಿದವರ ವಿಷಯದಲ್ಲಿ ಏನೆಂದು ಸಾರಬೇಕು?

ಯಾಗೊ ಈ ಪ್ರಶ್ನೆಗೆ ಉಳಿಯಿಂದಲೇ ಉತ್ತರಿಸಿದರು. 2016ರಲ್ಲಿ ತಮ್ಮದೇ ಹಳೆಯ ಪ್ರತಿಮೆಯನ್ನು ಮತ್ತೆ ಕೆತ್ತಲು ಕುಳಿತರು. ಕಲ್ಲಿನಲ್ಲಿದ್ದ ಧರ್ಮಗುರುವಿನ ಉಡುಪನ್ನು ಪೂರ್ತಿ ಕೆತ್ತಿ ತೆಗೆದರು. ಒಳಗಿನಿಂದ ಬರಿಮೈಯ ಒಬ್ಬ ವೃದ್ಧ ಹೊರಬಂದ. ಜೋತ ಚರ್ಮ, ಸುಕ್ಕು, ನರಗಳೆಲ್ಲ ಕಾಣುವ ಆ ಪ್ರತಿಮೆಗೆ ಇಟ್ಟ ಹೊಸ ಹೆಸರು ‘ಹಬೇಮುಸ್ ಹೋಮಿನೆಮ್’, ಅಂದರೆ ‘ನಮಗೊಬ್ಬ ಮನುಷ್ಯ ದೊರೆತಿದ್ದಾನೆ’.

ಅಮೃತಶಿಲೆಯ ಸ್ವಭಾವ ಬಲ್ಲವರಿಗೆ ಈ ಕೆಲಸದ ಧೈರ್ಯ ತಿಳಿಯುತ್ತದೆ. ಮಣ್ಣಿನ ಮೂರ್ತಿಗೆ ಮಣ್ಣು ಮೆತ್ತಬಹುದು, ಎರಕದ ಮೂರ್ತಿಯನ್ನು ಕರಗಿಸಿ ಮತ್ತೆ ಎರೆಯಬಹುದು. ಕಲ್ಲಿನಲ್ಲಿ ತೆಗೆಯಲು ಮಾತ್ರ ಸಾಧ್ಯ, ಸೇರಿಸುವಂತಿಲ್ಲ. ಮೆಚ್ಚುಗೆ ಪಡೆದ, ಪದಕ ತಂದ ಕೃತಿಯೊಂದನ್ನು ಅದರ ಕರ್ತೃವೇ ಶಾಶ್ವತವಾಗಿ ಅಳಿಸಿದ. ಅಧಿಕಾರ ಕಳಚಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗೆ ಕಲ್ಲಿನ ನಿಯಮವೇ ರೂಪಕವಾಯಿತು. ಹಳೆಯ ಮಾಧ್ಯಮ ಹೊಸ ವಿಷಯಕ್ಕೆ ಹೊದಿಕೆಯಾಗಿ ಉಳಿಯದೆ ಅದರ ಅರ್ಥವಾಗಿಯೇ ಪರಿಣಮಿಸಿದ್ದು ಇಲ್ಲಿ.

ಕಲ್ಲು ಬಟ್ಟೆಯಾಗುವುದು ಹೇಗೆ?

ಸಾನ್ಮಾರ್ತಿನೊ ಕೆತ್ತಿದ ಮುಸುಕು ಎಷ್ಟು ಸಹಜವಾಗಿದೆಯೆಂದರೆ, ಅದರ ಸುತ್ತ ದಂತಕಥೆಯೇ ಹುಟ್ಟಿಕೊಂಡಿತು. ಶಿಲ್ಪ ಮಾಡಿಸಿದ ರಾಜಕುಮಾರ ರೈಮೊಂದೊ ದಿ ಸಾಂಗ್ರೊ ರಸವಿದ್ಯೆಯಲ್ಲಿ ಆಸಕ್ತನಾಗಿದ್ದ. ಆತ ನಿಜವಾದ ಬಟ್ಟೆಯನ್ನೇ ಹೊದಿಸಿ, ರಸಾಯನ ಸುರಿದು ಕಲ್ಲಾಗಿಸಿದ ಎಂದು ಜನ ನಂಬಿದರು. ವಾಸ್ತವದಲ್ಲಿ ದೇಹ, ಮುಸುಕು ಎರಡೂ ಒಂದೇ ಶಿಲೆಯಲ್ಲಿ ಕಡೆದಂಥವು.

ರಹಸ್ಯವಿರುವುದು ಕಲ್ಲಿನಲ್ಲಿ ಮತ್ತು ನೋಡುವ ಕಣ್ಣಿನಲ್ಲಿ. ಸುಣ್ಣಕಲ್ಲು ಭೂಗರ್ಭದ ಶಾಖಕ್ಕೂ ಒತ್ತಡಕ್ಕೂ ಸಿಲುಕಿ ರೂಪಾಂತರಗೊಂಡಾಗ ಅಮೃತಶಿಲೆಯಾಗುತ್ತದೆ. ಅದರ ಹರಳುಗಳು ಬೆಳಕನ್ನು ಮೇಲ್ಮೈಯಲ್ಲೇ ತಡೆಯುವುದಿಲ್ಲ. ಸ್ವಲ್ಪ ಒಳಗೆ ಬಿಟ್ಟುಕೊಂಡು ಚದುರಿಸಿ ಹೊರಗೆ ಕಳುಹಿಸುತ್ತವೆ. ಮನುಷ್ಯನ ಚರ್ಮವೂ ಬೆಳಕಿನೊಂದಿಗೆ ಹೀಗೆಯೇ ವರ್ತಿಸುತ್ತದೆ. ಬಿಳಿಯ ಕಲ್ಲು ಮೈಯಂತೆ ಕಾಣುವುದು ಇದರಿಂದಲೇ.

ಮುಸುಕಿನ ವಿಷಯಕ್ಕೆ ಬಂದರೆ, ಬಟ್ಟೆಗೂ ದೇಹಕ್ಕೂ ನಡುವೆ ಕಲ್ಲಿನಲ್ಲಿ ಯಾವ ಸಂದೂ ಇರುವುದಿಲ್ಲ. ಶಿಲ್ಪಿ ಮೂಗು, ಹಣೆ, ಮಂಡಿಯಂಥ ಉಬ್ಬುಗಳನ್ನು ನುಣುಪಾಗಿ ಎತ್ತಿ ತೋರಿಸುತ್ತಾನೆ. ಅವುಗಳ ಮೇಲೆ ಕೂದಲೆಳೆಯಷ್ಟು ತೆಳುವಾದ ಮಡಿಕೆಗಳ ಗೆರೆಗಳನ್ನು ಹಾಯಿಸುತ್ತಾನೆ. ಮಡಿಕೆಯ ಏಣಿನ ಮೇಲೆ ಬೆಳಕು, ಪಕ್ಕದಲ್ಲಿ ನೆರಳು ಬೀಳುತ್ತದೆ. ಉಳಿದ ಕೆಲಸವನ್ನು ನೋಡುಗನ ಕಣ್ಣೇ ಮಾಡಿಕೊಂಡು, ಒಳಗೊಂದು ಮುಖವಿದೆ, ಮೇಲೊಂದು ಬಟ್ಟೆಯಿದೆ ಎಂದು ನಂಬುತ್ತದೆ. ದೇಹದ ರಚನೆ ಗೊತ್ತಿಲ್ಲದವನು ಮುಸುಕನ್ನು ಕೆತ್ತಲಾರ ಎಂಬ ಮಾತು ಹುಟ್ಟಿರುವುದು ಇದೇ ಕಾರಣಕ್ಕೆ.

ಕ್ರಮವೂ ಹಳೆಯದೇ. ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಸಿದ್ಧವಾಗುತ್ತದೆ. ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದು, ಅಳತೆಯ ಬಿಂದುಗಳನ್ನು ಕಲ್ಲಿಗೆ ದಾಟಿಸಲಾಗುತ್ತದೆ. ಮೊನಚು ಉಳಿಯಿಂದ ಒರಟು ರೂಪ, ಹಲ್ಲುಗಳುಳ್ಳ ಉಳಿಯಿಂದ ಮೈಕಟ್ಟು, ಚಪ್ಪಟೆ ಉಳಿ ಮತ್ತು ಅರದಿಂದ ಸೂಕ್ಷ್ಮ ಭಾಗಗಳು, ಕೊನೆಗೆ ಉಜ್ಜಿ ಹೊಳಪು. ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಗಂಟೆಯಂಥ ನಾದ ಬಂದರೆ ಕಲ್ಲು ಗಟ್ಟಿ. ಮಂಕಾದ ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಸಂಕುಚಿತ ಗಾಳಿಯಿಂದ ಓಡುವ ಉಳಿಗಳು, ವಿದ್ಯುತ್ ಗರಗಸಗಳು ಇಂದು ವೇಗವನ್ನು ಹೆಚ್ಚಿಸಿವೆ. ತಪ್ಪಿದರೆ ತಿದ್ದಲಾಗದು ಎಂಬ ನಿಯಮ ಮಾತ್ರ ಬದಲಾಗಿಲ್ಲ.

ಯಾಗೊ ತಮ್ಮ ‘ಮುಸುಕಿನ ಮಗ’ನನ್ನು ಕೆತ್ತಿದ್ದು ಇಟಲಿಯಲ್ಲಲ್ಲ, ನ್ಯೂಯಾರ್ಕ್‌ನಲ್ಲಿ. ಅದಕ್ಕೆ ಬಳಸಿದ್ದು ಪ್ರಸಿದ್ಧ ಕಾರಾರ ಗಣಿಯ ಕಲ್ಲಲ್ಲ, ಅಮೆರಿಕದ ವರ್ಮಾಂಟ್ ರಾಜ್ಯದ ಡ್ಯಾನ್ಬಿ ಗಣಿಯದು. ವಾಷಿಂಗ್ಟನ್‌ನ ಜೆಫರ್ಸನ್ ಸ್ಮಾರಕದ ಹೊರಗೋಡೆಗೂ ಇದೇ ಗಣಿಯ ಕಲ್ಲನ್ನು ಬಳಸಲಾಗಿದೆ. ಅಟ್ಲಾಂಟಿಕ್ ಸಾಗರ ದಾಟಿ ಬಂದ ಆ ಮಗು 2019ರ ಡಿಸೆಂಬರ್‌ನಲ್ಲಿ ನೇಪಲ್ಸ್‌ನ ಚರ್ಚ್ ಸೇರಿತು. ಸಾನ್ಮಾರ್ತಿನೊ ತನ್ನ ಏಸುವಿನ ಕಾಲ ಬಳಿ ಮುಳ್ಳಿನ ಕಿರೀಟವನ್ನು ಕೆತ್ತಿ, ಸತ್ತವನು ಯಾರೆಂದು ಸಾರಿದ್ದ. ಯಾಗೊ ಅವರ ಮಗುವಿಗೆ ಅಂಥ ಗುರುತಿಲ್ಲ. ಯುದ್ಧದಲ್ಲಿ ಸತ್ತದ್ದೋ, ಕಡಲು ದಾಟುವಾಗ ಮುಳುಗಿದ್ದೋ, ಬೀದಿಯ ಗುಂಡಿಗೆ ಬಲಿಯಾದದ್ದೋ ಶಿಲ್ಪ ಹೇಳುವುದಿಲ್ಲ. ದೊಡ್ಡವರ ನಿರ್ಧಾರಗಳಿಗೆ ಬಲಿಯಾಗುವ ಎಲ್ಲ ಮಕ್ಕಳೂ ಆ ಒಂದು ಮುಸುಕಿನಡಿ ಸೇರಿಕೊಳ್ಳುತ್ತಾರೆ.

ತಾಯಿಯ ಜಾಗದಲ್ಲಿ ತಂದೆ

ಇದೇ ಬಗೆಯ ಪಲ್ಲಟವನ್ನು ಯಾಗೊ ಮತ್ತೆ ಮತ್ತೆ ಮಾಡಿದ್ದಾರೆ. ರೂಪವನ್ನು ಹಾಗೆಯೇ ಇಟ್ಟುಕೊಂಡು ಒಳಗಿನ ವ್ಯಕ್ತಿಯನ್ನು ಬದಲಿಸುವುದು ಅವರ ರೀತಿ. 2018ರ ‘ವೀನಸ್’ ಅದಕ್ಕೊಂದು ನಿದರ್ಶನ. ಕೈಗಳಿಂದ ಮೈಯನ್ನು ಮರೆಮಾಡಿಕೊಂಡು ನಿಂತ ಸೌಂದರ್ಯದೇವತೆಯ ಭಂಗಿ ಎರಡು ಸಾವಿರ ವರ್ಷಗಳಿಗೂ ಹಳೆಯದು. ಯಾಗೊ ಅದೇ ಭಂಗಿಯಲ್ಲಿ ತಲೆಗೂದಲಿಲ್ಲದ, ಮೈ ಬಾಡಿದ ವೃದ್ಧೆಯೊಬ್ಬಳನ್ನು ನಿಲ್ಲಿಸಿದರು. ಲೇವಡಿಯ ಲವಲೇಶವೂ ಅಲ್ಲಿಲ್ಲ. ದೇವತೆಗೆ ಸಲ್ಲುತ್ತಿದ್ದ ಗೌರವ ಈಕೆಗೇಕೆ ಸಲ್ಲದು ಎಂದು ಕೇಳುವಂತಿದೆ ಆ ನಿಲುವು.

2021ರ ಅಕ್ಟೋಬರ್‌ನಲ್ಲಿ ರೋಮ್‌ನ ಪಿಯಾತ್ಸಾ ದೆಲ್ ಪೊಪೊಲೊ ಚೌಕದಲ್ಲಿರುವ, ‘ಕಲಾವಿದರ ಚರ್ಚ್’ ಎಂದೇ ಹೆಸರಾದ ಸಾಂತಾ ಮರಿಯಾ ಇನ್ ಮೊಂತೆಸಾಂತೊದಲ್ಲಿ ಅವರ ‘ಪಿಯೆತಾ’ ಪ್ರದರ್ಶನಗೊಂಡಿತು. ಇಟಾಲಿಯನ್ ಭಾಷೆಯಲ್ಲಿ ಪಿಯೆತಾ ಎಂದರೆ ಮರುಕ. ಸತ್ತ ಏಸುವನ್ನು ಮಡಿಲಲ್ಲಿ ಮಲಗಿಸಿಕೊಂಡ ಮೇರಿಯ ಚಿತ್ರಣಕ್ಕೆ ಕಲೆಯಲ್ಲಿ ಅದೇ ಹೆಸರು ನಿಂತಿದೆ. ಇಪ್ಪತ್ತರ ಹರೆಯದ ಮೈಕೆಲೆಂಜೆಲೊ 15ನೇ ಶತಮಾನದ ಕೊನೆಯಲ್ಲಿ ಕೆತ್ತಿದ ಪಿಯೆತಾ ವ್ಯಾಟಿಕನ್‌ನಲ್ಲಿದ್ದು, ಆ ವಸ್ತುವನ್ನು ಕೈಗೆತ್ತಿಕೊಳ್ಳುವ ಯಾವ ಶಿಲ್ಪಿಯೂ ಹೋಲಿಕೆಯಿಂದ ಪಾರಾಗಲಾರ. ಯಾಗೊ ಅವರ ಶಿಲ್ಪದಲ್ಲಿ ತಾಯಿಯಿಲ್ಲ. ಗಂಡಸೊಬ್ಬ ನಿರ್ಜೀವವಾದ ಎಳೆಯ ದೇಹವನ್ನು ಹಿಡಿದುಕೊಂಡಿದ್ದಾನೆ. ಶತಮಾನಗಳ ಕಾಲ ತಾಯಿಗೆ ಮಾತ್ರ ಮೀಸಲಾಗಿದ್ದ ಶೋಕ ಅಲ್ಲಿ ತಂದೆಗೆ ದಕ್ಕಿದೆ. ಮಗನನ್ನು ಕಳೆದುಕೊಂಡ ಗಂಡಸು ಅಳುವುದಕ್ಕೂ ಒಂದು ರೂಪ ಬೇಕು ಎಂಬುದನ್ನು ಈ ಕೃತಿ ಗುರುತಿಸಿತು. ಅದರ ನಿರ್ಮಾಣದ ದಿನಗಳನ್ನು ಹಿಂಬಾಲಿಸಿದ ಸಾಕ್ಷ್ಯಚಿತ್ರವೂ 2024ರಲ್ಲಿ ತೆರೆಕಂಡಿದೆ.

2022ರ ‘ಅಜಾಕ್ಸ್ ಮತ್ತು ಕಸಾಂಡ್ರಾ’ ಗ್ರೀಕ್ ಪುರಾಣದಿಂದ ಬಂದದ್ದು. ಟ್ರಾಯ್ ನಗರ ಬಿದ್ದ ರಾತ್ರಿ, ದೇವಾಲಯದಲ್ಲಿ ಆಶ್ರಯ ಪಡೆದಿದ್ದ ಕಸಾಂಡ್ರಾಳನ್ನು ಯೋಧ ಅಜಾಕ್ಸ್ ಬಲಾತ್ಕಾರವಾಗಿ ಎಳೆದೊಯ್ಯುತ್ತಾನೆ. ಹೆಣ್ಣನ್ನು ಹೊತ್ತೊಯ್ಯುವ ದೃಶ್ಯಗಳನ್ನು ಬರೋಕ್ ಕಾಲದ ಶಿಲ್ಪಿಗಳು ತಮ್ಮ ಚಾತುರ್ಯದ ಪ್ರದರ್ಶನಕ್ಕೆ ವೇದಿಕೆ ಮಾಡಿಕೊಂಡಿದ್ದರು. ಯಾಗೊ ಅದೇ ವಸ್ತುವಿನ ಮೂಲಕ ಇಂದಿನ ಸ್ತ್ರೀಯರ ಮೇಲಿನ ಹಿಂಸೆಯತ್ತ ಬೆರಳು ತೋರಿಸುತ್ತಾರೆ.

ಸರಪಳಿ ಕಟ್ಟಿದ ಶಿಶು

ಕೊರೊನಾ ಸಾಂಕ್ರಾಮಿಕದ ಎರಡನೇ ಅಲೆ ಇಟಲಿಯನ್ನು ಆವರಿಸುತ್ತಿದ್ದ 2020ರ ನವೆಂಬರ್ ತಿಂಗಳು. ನೇಪಲ್ಸ್‌ನ ಅತಿ ದೊಡ್ಡ ಚೌಕಗಳಲ್ಲೊಂದಾದ ಪಿಯಾತ್ಸಾ ದೆಲ್ ಪ್ಲೆಬಿಶೀತೊದ ನಡುವೆ, ಅರಮನೆಯ ಎದುರು, ಅಮೃತಶಿಲೆಯ ಬೃಹತ್ ಶಿಶುವೊಂದು ಮುದುಡಿ ಮಲಗಿತ್ತು. ಹೊಕ್ಕುಳಬಳ್ಳಿಯ ಜಾಗದಲ್ಲಿ ಇದ್ದದ್ದು ಸರಪಳಿ. ಶಿಲ್ಪದ ಹೆಸರು ‘ಲುಕ್ ಡೌನ್’. ಎಲ್ಲರ ಬಾಯಲ್ಲಿದ್ದ ‘ಲಾಕ್‌ಡೌನ್’ ಪದವನ್ನು ಒಂದಿಷ್ಟು ತಿರುಚಿ ‘ಕೆಳಗೆ ನೋಡಿ’ ಎಂದಿತ್ತು ಆ ಹೆಸರು. ಬಾಗಿಲು ಮುಚ್ಚಿಕೊಂಡ ನಗರದಲ್ಲಿ ದುಡಿಮೆ ಕಳೆದುಕೊಂಡವರು, ಮೊದಲೇ ನೆಲಕ್ಕೆ ಬಿದ್ದವರು ಕಣ್ಣಿಗೆ ಬೀಳಬೇಕಾದರೆ ತಲೆ ತಗ್ಗಿಸಲೇಬೇಕು.

ಈ ಶಿಶುವಿಗೆ ಪೀಠವಿರಲಿಲ್ಲ, ಕಾವಲಿನ ಗಾಜಿರಲಿಲ್ಲ. ದಾರಿಹೋಕರು ಮುಟ್ಟಬಹುದಿತ್ತು. ಸಾರ್ವಜನಿಕ ಚೌಕದ ಶಿಲ್ಪವೆಂದರೆ ಕುದುರೆಯೇರಿದ ಅರಸ ಎಂಬ ರೂಢಿಯಿರುವ ದೇಶದಲ್ಲಿ, ಜನ ತಲೆಯೆತ್ತಿ ನೋಡುವ ಬದಲು ಬಗ್ಗಿ ನೋಡಬೇಕಾದ ಪ್ರತಿಮೆ ಅದು. ಮುಂದೆ ಅದೇ ಶಿಶು ಸಂಯುಕ್ತ ಅರಬ್ ಸಂಸ್ಥಾನದ ಮರುಭೂಮಿಯನ್ನು ಸೇರಿತು.

ಅದಕ್ಕೂ ಮೊದಲು ಯಾಗೊ ಅವರ ಇನ್ನೊಂದು ಕೃತಿ ಭೂಮಿಯನ್ನೇ ಬಿಟ್ಟು ಹೋಗಿತ್ತು. ಭ್ರೂಣದ ಆಕಾರದ ಪುಟ್ಟ ಅಮೃತಶಿಲೆಯ ಶಿಲ್ಪ ‘ಫಸ್ಟ್ ಬೇಬಿ’ 2019ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿತು. ಇಟಲಿಯ ಗಗನಯಾತ್ರಿ ಲೂಕಾ ಪರ್ಮಿತಾನೊ 2020ರ ಫೆಬ್ರವರಿಯಲ್ಲಿ ಭೂಮಿಗೆ ಮರಳಿದಾಗ ಅದೂ ಮರಳಿತು. ಸುದ್ದಿಯಾಗಿ ಅದು ದೊಡ್ಡದಾಯಿತು. ಕೃತಿಯಾಗಿ ಚೌಕದ ಶಿಶುವಿನ ಭಾರ ಅದಕ್ಕಿಲ್ಲ.

ಚಮತ್ಕಾರವೋ, ಕಲೆಯೋ?

ಯಾಗೊ ಅವರ ಜನಪ್ರಿಯತೆಗೆ ಸಮಪ್ರಮಾಣದಲ್ಲಿ ಅನುಮಾನವೂ ಬೆಳೆದಿದೆ. ಅದಕ್ಕೆ ಐತಿಹಾಸಿಕ ಕಾರಣವಿದೆ. ಮಾರ್ಸೆಲ್ ದ್ಯುಶಾಂ 1917ರಲ್ಲಿ ಅಂಗಡಿಯಿಂದ ತಂದ ಮೂತ್ರಪಾತ್ರೆಯನ್ನು ಕಲಾಕೃತಿಯೆಂದು ಪ್ರದರ್ಶನಕ್ಕೆ ಕಳುಹಿಸಿದ ನಂತರ, ಕಲೆಯ ಮೌಲ್ಯ ಕೈಯಲ್ಲಿದೆಯೋ ಕಲ್ಪನೆಯಲ್ಲಿದೆಯೋ ಎಂಬ ವಾದ ನಿಂತಿಲ್ಲ. ಕೈಚಳಕ ಕಂಡೊಡನೆ ‘ಇದು ಬರಿಯ ಕುಶಲತೆ’ ಎಂದು ಸಂಶಯಿಸುವುದು ಆಧುನಿಕ ವಿಮರ್ಶೆಯ ಅಭ್ಯಾಸವಾಗಿದೆ.

ಇಟಲಿಯವರೇ ಆದ ಮೌರಿತ್ಸಿಯೊ ಕತ್ತೆಲಾನ್ ಅವರೊಂದಿಗೆ ಹೋಲಿಸಿದರೆ ವಾದ ಸ್ಪಷ್ಟವಾಗುತ್ತದೆ. ಅವರ 2007ರ ‘ಆಲ್’ ಎಂಬ ಕೃತಿಯೂ ಮುಸುಕಿನ ಶವಗಳದ್ದೇ. ಕಾರಾರದ ಬಿಳಿ ಅಮೃತಶಿಲೆಯ ಒಂಬತ್ತು ದೇಹಗಳು ಸಾಲಾಗಿ ನೆಲದ ಮೇಲೆ ಮಲಗಿವೆ. ಕಲ್ಪನೆ ಕಲಾವಿದನದು, ಕೆತ್ತನೆ ಕುಶಲಕರ್ಮಿಗಳದು. ಕಲಾಜಗತ್ತು ಅದನ್ನು ಸುಲಭವಾಗಿ ಒಪ್ಪಿಕೊಂಡಿತು. ಈಗ ಕಾರಾರದಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಕಂಪ್ಯೂಟರ್ ಮಾದರಿಯನ್ನು ನೋಡಿ ಕಲ್ಲು ಕೊರೆಯುವ ಯಾಂತ್ರಿಕ ತೋಳುಗಳು ಹಗಲಿರುಳು ದುಡಿಯುತ್ತಿವೆ. ತಿಂಗಳುಗಳ ಒರಟು ಕೆಲಸ ದಿನಗಳಲ್ಲಿ ಮುಗಿಯುತ್ತದೆ.

ಹಾಗಾದರೆ ಸ್ವತಃ ಉಳಿ ಹಿಡಿಯುವುದಕ್ಕೆ ಬೆಲೆಯೇನು? ಇಲ್ಲಿ ಭಾವುಕರಾಗುವ ಅಗತ್ಯವಿಲ್ಲ. ಹಿಂದಿನ ಮಹಾಶಿಲ್ಪಿಗಳೂ ಒಂಟಿಯಾಗಿ ಕೆತ್ತಿದವರಲ್ಲ. ಆಂತೋನಿಯೊ ಕನೋವಾ ಒರಟು ಕೆಲಸವನ್ನು ಸಹಾಯಕರಿಗೆ ಬಿಟ್ಟು ಕೊನೆಯ ಮೈಹದವನ್ನಷ್ಟೇ ತನ್ನ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ಯಾಗೊ ಅವರ ವಿಶೇಷವಿರುವುದು ಕೆಲಸವನ್ನು ಮರೆಮಾಡದೆ ಇರುವುದರಲ್ಲಿ. ಧೂಳು ಮೆತ್ತಿದ ಮುಖ, ಕಲ್ಲಿನ ಚೂರು, ನಿಧಾನವಾಗಿ ಹೊರಬರುವ ಬೆರಳು, ಎಲ್ಲವನ್ನೂ ಅವರು ಅಂತರಜಾಲದಲ್ಲಿ ಲಕ್ಷಾಂತರ ಜನರಿಗೆ ತೋರಿಸುತ್ತ ಬಂದಿದ್ದಾರೆ. ಪ್ರದರ್ಶನಪ್ರಿಯತೆ ಎಂಬ ಟೀಕೆಗೆ ಇದು ಅವಕಾಶ ಕೊಡುತ್ತದೆ, ನಿಜ. ಆದರೆ ಕಲಾಶಾಲೆಯ ಮೆಟ್ಟಿಲು ಹತ್ತದ ಸಾವಿರಾರು ಜನ ಒಂದು ಶಿಲ್ಪಕ್ಕೆ ತಗಲುವ ಸಮಯವನ್ನು ಕಣ್ಣಾರೆ ಕಂಡಿರುವುದೂ ಇದರಿಂದಲೇ.

ಟೀಕೆಯಲ್ಲಿ ಹುರುಳಿಲ್ಲವೆಂದೂ ಹೇಳಲಾಗದು. ಕೌಶಲ ಕಣ್ಣು ಕೋರೈಸಿದಾಗ ನೋಡುಗ ‘ಹೇಗೆ ಮಾಡಿದ’ ಎಂದು ಕೇಳುತ್ತಾನೆಯೇ ಹೊರತು ‘ಏಕೆ ಮಾಡಿದ’ ಎಂದು ಕೇಳುವುದಿಲ್ಲ. ಸಾನ್ಮಾರ್ತಿನೊನ ಮುಸುಕಿಗೂ ಇದೇ ಗತಿಯಾಯಿತು. ಜನ ರಸವಿದ್ಯೆಯ ಕಥೆ ಕಟ್ಟುತ್ತ ಮುಸುಕಿನಡಿಯ ಸಾವನ್ನು ಮರೆತರು. ಯಾಗೊ ಅವರ ಕೃತಿಗಳ ಮುಂದಿರುವ ಅಪಾಯವೂ ಅದೇ. ಆ ಅಪಾಯವನ್ನು ದಾಟಿದ ಕೃತಿಗಳಲ್ಲಿ 2025ರ ‘ನತೂರಾ ಮೋರ್ತಾ’ ಒಂದು. ಮಿಲಾನ್‌ನ ಅಂಬ್ರೋಸಿಯಾನಾ ಚಿತ್ರಶಾಲೆಯಲ್ಲಿರುವ ಕರವಾಜ್ಯೊನ ಹಣ್ಣಿನ ಬುಟ್ಟಿಯ ಚಿತ್ರಕ್ಕೆ ಪ್ರತಿಯಾಗಿ ಅವರು ಅಮೃತಶಿಲೆಯ ಬುಟ್ಟಿಯೊಂದನ್ನು ಇರಿಸಿದರು. ಬುಟ್ಟಿಯ ತುಂಬ ಹಣ್ಣುಗಳ ಬದಲು ಬಂದೂಕುಗಳು. ಜಡವಸ್ತುಗಳ ಚಿತ್ರಣಕ್ಕೆ ಇಟಲಿಯಲ್ಲಿ ನತೂರಾ ಮೋರ್ತಾ, ಅಂದರೆ ‘ಸತ್ತ ಪ್ರಕೃತಿ’ ಎಂಬ ಹೆಸರಿದೆ. ಶಸ್ತ್ರಗಳ ಬುಟ್ಟಿಗೆ ಆ ಹೆಸರು ಬಿದ್ದಾಗ ಹಳೆಯ ಪದವೇ ತಿವಿಯತೊಡಗುತ್ತದೆ.

ಸಾನಿತಾ ಬಡಾವಣೆಯ ಪಾಲು

ಮುಸುಕಿನ ಮಗು ಇರುವ ಬಡಾವಣೆಯ ಹೆಸರು ಸಾನಿತಾ. ಆರೋಗ್ಯ ಎಂಬುದು ಆ ಪದದ ಅರ್ಥ. ಪ್ರಾಚೀನ ಕಾಲದಿಂದ ನಗರದ ಸತ್ತವರನ್ನು ಹೂಳುತ್ತಿದ್ದ ಈ ಕಣಿವೆಯ ನೆಲದಡಿ ಆದಿ ಕ್ರೈಸ್ತರ ಸಮಾಧಿ ಗುಹೆಗಳಿವೆ. 19ನೇ ಶತಮಾನದ ಆರಂಭದಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿ, ಬೆಟ್ಟದ ಮೇಲಿನ ಅರಮನೆಗೆ ನೇರ ದಾರಿ ಮಾಡಲು ಬಡಾವಣೆಯ ತಲೆಯ ಮೇಲೆಯೇ ಸೇತುವೆ ಕಟ್ಟಲಾಯಿತು. ನಗರ ಮೇಲಿನಿಂದ ಸಾಗಿತು, ಸಾನಿತಾ ಕೆಳಗೆ ಉಳಿಯಿತು. ನಿರುದ್ಯೋಗ ಮತ್ತು ಕಮೋರಾ ಪಾತಕಿ ಜಾಲದ ಹಿಡಿತ ಅದರ ಹೆಸರಿಗೆ ಅಂಟಿಕೊಂಡವು. 2015ರಲ್ಲಿ 17 ವರ್ಷದ ಹುಡುಗನೊಬ್ಬ ಇದೇ ಬಡಾವಣೆಯ ಚೌಕದಲ್ಲಿ ಪಾತಕಿಗಳ ಗುಂಡಿಗೆ ಬಲಿಯಾದ. ಮುಸುಕಿನ ಮಗು ಇಲ್ಲಿಯವರಿಗೆ ದೂರದ ರೂಪಕವಲ್ಲ.

2006ರಲ್ಲಿ ಸ್ಥಳೀಯ ಯುವಕರು ಪಾದ್ರಿಯೊಬ್ಬರ ಬೆಂಬಲದಿಂದ ‘ಲಾ ಪರಾಂಝಾ’ ಎಂಬ ಸಹಕಾರ ಸಂಘ ಕಟ್ಟಿಕೊಂಡು ಸಮಾಧಿ ಗುಹೆಗಳನ್ನು ಸ್ವಚ್ಛಗೊಳಿಸಿ ಪ್ರವಾಸಿಗರಿಗೆ ತೆರೆದರು. ಭಯದಿಂದ ದೂರವಿದ್ದ ಜನ ಟಿಕೆಟ್ ಪಡೆದು ಬರತೊಡಗಿದರು. ಮುಸುಕಿನ ಮಗು ಸೇರಿಕೊಂಡದ್ದು ಈ ಪ್ರಯತ್ನದ ನೆಲೆಗೆ. ಬಹುಕಾಲ ಮುಚ್ಚಿಬಿದ್ದಿದ್ದ ಸಾಂತಾಸ್ಪ್ರೇನೊ ಐ ಕ್ರೊಚಿಫೇರಿ ಚರ್ಚನ್ನು ಯಾಗೊ ಕಾರ್ಯಾಗಾರ ಮಾಡಿಕೊಂಡರು. 2023ರ ಮೇ ತಿಂಗಳಲ್ಲಿ ಅದು ‘ಯಾಗೊ ಮ್ಯೂಸಿಯಂ’ ಆಗಿ ತೆರೆಯಿತು. ರೋಮ್‌ನ ಪಲಾತ್ಸೊ ಬೊನಾಪಾರ್ತೆಯಲ್ಲಿ 2022ರಲ್ಲಿ ದೊಡ್ಡ ಏಕವ್ಯಕ್ತಿ ಪ್ರದರ್ಶನ ಕಂಡ ಕಲಾವಿದ ತನ್ನ ಕೃತಿಗಳಿಗೆ ಶಾಶ್ವತ ನೆಲೆಯಾಗಿ ಆರಿಸಿಕೊಂಡದ್ದು ಮಹಾನಗರದ ಗ್ಯಾಲರಿಯನ್ನಲ್ಲ, ಸೇತುವೆಯ ಕೆಳಗಿನ ಕೇರಿಯನ್ನು.

ಇದರಿಂದ ಸಾನಿತಾದ ಬಡತನ ನೀಗಿದೆ ಎನ್ನಲಾಗದು. ಶಿಲ್ಪಗಳು ಪಾತಕಿ ಜಾಲವನ್ನು ಒಡೆಯುವುದಿಲ್ಲ. ಆದರೆ ಕೆಲವು ಯುವಜನರಿಗೆ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ, ಟಿಕೆಟ್ ಕೌಂಟರಿನವರಾಗಿ ತಮ್ಮದೇ ಬೀದಿಯಲ್ಲಿ ಗೌರವದ ದುಡಿಮೆ ಸಿಗಲು ಅವು ನೆರವಾಗಿವೆ.

ಸಾನ್ಮಾರ್ತಿನೊನ ಏಸು ಮಲಗಿರುವುದು ರಾಜಕುಮಾರನೊಬ್ಬನ ಖಾಸಗಿ ಪ್ರಾರ್ಥನಾಲಯದಲ್ಲಿ, ಅವನ ವಂಶದವರ ಸಮಾಧಿಗಳ ನಡುವೆ. ಯಾಗೊ ಅವರ ಮಗು ಮಲಗಿರುವುದು ತಮ್ಮ ಸತ್ತವರಿಗೆ ಅಮೃತಶಿಲೆಯ ಸಮಾಧಿ ಕಟ್ಟಿಸಲಾರದ ಜನರ ನಡುವೆ. ಅರಸರಿಗೂ ಸಂತರಿಗೂ ಮೀಸಲಾಗಿದ್ದ ಬಿಳಿಯ ಕಲ್ಲು ಈಗ ಯಾರದ್ದೆಂದು ಹೇಳಲಾಗದ ಒಂದು ಮಗುವಿಗೂ ಸಂದಿದೆ.